ಶರಣವ್ವ ಮುಚ್ಚಿಟ್ಟ ಹಂದಿಮರಿಗಳು

ಜೋಗೇಶ್ವರಿಯ ನಾಲಾ ಪಕ್ಕದ ಜೋಪಡಿಗಳಲ್ಲಿ ಶರಣವ್ವನಷ್ಟು ಚೆಂದಾಗಿ ಹಂದಿ ಸಾಕುವವರು ಇರಲಿಲ್ಲ. ಗಂಡ ಸತ್ತ ಮೇಲೆ ಹೋಟೆಲುಗಳ ಮುಸುರೆ ಹೊತ್ತು ತಂದು, ಹಂದಿ ಸಾಕಿಯೇ ಮಗಳು ಹುಲಿಗೆವ್ವನನ್ನು ಬೆಳೆಸಿದ್ದಳು. ಈದ ಹಂದಿಯ ಕೆಳಗೆ ಒಣ ಮರದಹೊಟ್ಟು ಹಾಸುವಳು, ಮೊಲೆ ಒರೆಸುವಳು. ಇನ್ನೂ ಹಾಲು ಕುಡಿಯುವ ಮರಿ ಥಂಡಿಯಲ್ಲಿ ಮಲಗಿದರೆ, ಹೊಲಸು ಮೆತ್ತಿದ ಮೊಲೆ ಚೀಪಿದರೆ ಭೇದಿ ಹತ್ತಿ ಸಾಯುತ್ತದೆಂದು ಕೇರಿಗೆಲ್ಲ ಹೇಳುತ್ತಿದ್ದವಳೂ ಅವಳೇ. ಇಂಥವಳಿಗೆ ಎಪ್ಪತ್ತೊಂದನೇ ಇಸವಿಯ ಮಳೆಗಾಲದಲ್ಲಿ ಅದೇನು ಬುದ್ಧಿ ಬಂತೋ!

ಚೆಂಬೂರಿನಿಂದ ಹೆಣ್ಣು ನೋಡಲು ಬರುವವರಿದ್ದರು. ಹುಡುಗನಿಗೆ ಕಾರ್ಖಾನೆಯಲ್ಲಿ ಪರ್ಮನೆಂಟ್ ನೌಕರಿ. ಊರ ಕಡೆ ಅವರೂ ಹಂದಿ ಕಾಯ್ದವರೇ. ಆದರೆ ಈಗ ಬಿಲ್ಡಿಂಗಿನಲ್ಲಿ ಇರುವವರು. ಮೂಗು ಮುಚ್ಚಿಕೊಂಡು ಎದ್ದು ಹೋದರೆ ಮಗಳ ಗತಿಯೇನು ಎಂದು ಶರಣವ್ವ ಹೆದರಿದಳು. ಎರಡು ದಿನ ಮೊದಲೇ ಹಂದಿಯನ್ನೂ ಅದರ ಎಳೆಮರಿಗಳನ್ನೂ ಗಟಾರದ ಹಿಂದಿನ ಒದ್ದೆ ನೆಲಕ್ಕೆ, ಹರಕು ತಾಡಪತ್ರಿಯ ಕೆಳಗೆ ಸಾಗಿಸಿದಳು. ಬಾಗಿಲಿಗೆ ಫಿನಾಯಿಲ್ ಸುರಿದಳು, ಊದಿನಕಡ್ಡಿ ಹಚ್ಚಿದಳು. ಮರಿಗಳಿಗೆ ಬೆಳ್ಳಗೆ ಭೇದಿ ಹತ್ತಿದೆಯೆಂದು ಹುಲಿಗೆವ್ವ ಅತ್ತರೆ, ಮಂದಿ ಬಂದು ಹೋಗುವ ತನಕ ಬಾಯಿ ಮುಚ್ಚಿಕೊಂಡಿರು ಎಂದು ಗದರಿದಳು.

ಹುಡುಗನ ತಂದೆ ದುರುಗಪ್ಪ ಬಂದು ಕೂತವನೇ ಮೊದಲು ಕೇಳಿದ್ದು ಹಂದಿಗಳ ವಿಚಾರ! ಮರಿ ಸಾಕಿದರೆ ಶರಣವ್ವನ ಹಾಗೆ ಸಾಕಬೇಕೆಂದು ನಮ್ಮ ಮಂದಿಯೆಲ್ಲ ಅನ್ನುತ್ತಾರೆ, ಆ ಹೆಸರು ಕೇಳಿಯೇ ಈ ಮನೆಯ ಹೆಣ್ಣು ಬೇಕೆಂದು ಬಂದೆವು ಎಂದ. ಶರಣವ್ವನ ಮುಖ ಕಪ್ಪಿಟ್ಟಿತು. ಆಗಲಾದರೂ ನಿಜ ಹೇಳಬಾರದಿತ್ತೇ? ಎಲ್ಲ ಮಾರಿಬಿಟ್ಟೆ, ಆ ಹೊಲಸು ಕೆಲಸ ಬಿಟ್ಟು ಬಹಳ ದಿನವಾಯಿತು ಎಂದಳು.

ಅಷ್ಟರಲ್ಲಿ ಹುಲಿಗೆವ್ವ ಹೊಸ ಸೀರೆಯ ಸೆರಗಿನಲ್ಲಿ ತಣ್ಣಗಾದ ಮರಿಯೊಂದನ್ನು ಸುತ್ತಿಕೊಂಡು ಒಳಗೆ ಬಂದಳು.

"ಯವ್ವಾ, ಇದೂ ಸತ್ತಿತು" ಎಂದಳು.

ದುರುಗಪ್ಪ ಎದ್ದು, ಮತ್ತೆ ಹೊರಗೆ ನಡೆದ ಅವಳ ಬೆನ್ನಿಗೇ ಗಟಾರದ ಹಿಂದೆ ಹೋದ. ಉಳಿದ ಮರಿಗಳ ಬಾಲಕ್ಕೆ ಮೆತ್ತಿದ್ದನ್ನು ತನ್ನ ಟವೆಲ್ಲಿನಿಂದಲೇ ಒರೆಸಿ, ಒಂದೊಂದನ್ನೇ ತಂದು ಒಲೆಯ ಹತ್ತಿರ ಒಣ ಗೋಣಿಚೀಲದ ಮೇಲೆ ಮಲಗಿಸಿದ. ಆಮೇಲೆ ಕೈ ತೊಳೆದುಕೊಂಡು ಶರಣವ್ವನ ಕಡೆ ತಿರುಗಿದ.

"ಹುಡುಗಿ ನಮ್ಮ ಮನಸಿಗೆ ಬಂದಾಳ, ತಂಗೆವ್ವಾ. ಆದ್ರ ಅನ್ನಾ ಕೊಟ್ಟ ಹಂದೀನ ಮುಚ್ಚಿಟ್ಟಾಕಿ ನೀ, ನಾಳಿ ನಾಕ ಮಂದಿಯೊಳಗ ನಮ್ಮನ್ನ ಎಲ್ಲಿ ಮುಚ್ಚಿಡ್ತಿ?"

ಶರಣವ್ವ ನಾಚಿಕೆಯಿಂದ ಭೂಮಿಗಿಳಿದು ಹೋದಳು. ಮದುವೆಯೇನೋ ಆಯಿತು. ಹಂದಿ ಮತ್ತೆ ಬಾಗಿಲ ಮುಂದಿನ ಒಣ ಹೊಟ್ಟಿಗೆ ಬಂತು. ಆದರೆ ಚೆಂಬೂರಿನ ಮಗಳ ಮನೆಗೆ ಹೋದಾಗಲೆಲ್ಲ ಶರಣವ್ವ ಹೊಸ್ತಿಲ ಹತ್ತಿರವೇ ಕೂರುವಳು. ದುರುಗಪ್ಪ ಒಳಗೆ ಬಾ ತಂಗೆವ್ವಾ ಎಂದು ಎಷ್ಟು ಕರೆದರೂ, ತಲೆ ತಗ್ಗಿಸಿಯೇ ಚಹಾ ಕುಡಿದು ಎದ್ದು ಬರುವಳು.