ಲ್ಯಾಬ್ ಮೇಡಂ ಕೊಟ್ಟ ಐನೂರ ಹನ್ನೆರಡು ಮನೆ

ಅವರ ತುರುಬಿನಲ್ಲಿ ಅಬ್ಬಲಿಗೆ ದಂಡೆಯ ಪಕ್ಕಕ್ಕೆ ಕೆಂಪು ಹಿಡಿಕೆಯ ಸಣ್ಣ ಸ್ಕ್ರೂಡ್ರೈವರ್ ಒಂದು ಇರುತ್ತಿತ್ತು. ಯಾವುದಾದರೂ ಕಂಪ್ಯೂಟರ್ ಮೊಂಡು ಹಿಡಿಯಿತೆಂದರೆ ತಲೆಗೆ ಕೈ ಹಾಕಿ ಅದನ್ನು ಎಳೆದು, ಡಬ್ಬ ಬಿಚ್ಚಿ, ಕೆಲಸ ಮುಗಿಸಿ ಮತ್ತೆ ತುರುಬಿಗೇ ಸೇರಿಸುತ್ತಿದ್ದರು. ಹೂವು ಉದುರಿದ್ದನ್ನು ನಾನು ಒಂದು ದಿನವೂ ಕಾಣೆ.

ಶಿರಸಿಯ ನಮ್ಮ ಕಾಲೇಜಿನಲ್ಲಿ ಅವರು ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದರು. ಬನವಾಸಿ ಕಡೆಯ ಒಕ್ಕಲು ಮನೆಯವರು, ಮಾತು ಹಾವೇರಿಯತ್ತ ವಾಲುತ್ತಿತ್ತು. ಕೆಲಸ ಕಾಯಂ ಅಲ್ಲ. ಪ್ರತಿ ಮೇ ತಿಂಗಳಲ್ಲಿ ಪ್ರಾಂಶುಪಾಲರ ಸಹಿಯ ಪತ್ರ ಬಂದರೆ ಮುಂದಿನ ವರ್ಷಕ್ಕೆ ಕೆಲಸ, ಬಾರದಿದ್ದರೆ ಇಲ್ಲ. ಏಳು ವರ್ಷ ತಪ್ಪದೆ ಬಂದಿತ್ತು. ನಮಗೆಲ್ಲ ಅವರು ಲ್ಯಾಬ್ ಮೇಡಂ.

ನಾನು ಸಿದ್ದಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದವ. ಬಿಸಿಎ ಕೊನೆಯ ವರ್ಷದ ಪ್ರಾಜೆಕ್ಟಿಗೆ ಉಳಿದವರು ಗ್ರಂಥಾಲಯದ ತಂತ್ರಾಂಶ, ಆಸ್ಪತ್ರೆಯ ತಂತ್ರಾಂಶ ಎಂದು ಬರೆದುಕೊಟ್ಟರೆ ನಾನು ಸ್ವಂತ ಆಪರೇಟಿಂಗ್ ಸಿಸ್ಟಂ ಮಾಡುತ್ತೇನೆಂದು ಬರೆದುಕೊಟ್ಟೆ. ಜಂಬ ಅಂದರೆ ಜಂಬವೇ. ಒಂದು ತಿಂಗಳಲ್ಲಿ ಮಾಡಿಯೂ ಬಿಟ್ಟೆ. ಅಂದರೆ, ಪುಕ್ಕಟೆ ಸಿಗುವ ಲಿನಕ್ಸ್ ಎಂಬ ಸಿದ್ಧ ಸಿಸ್ಟಂ ಇಳಿಸಿಕೊಂಡು, ಅದರ ಹೆಸರು ಒರೆಸಿ ಅಘನಾಶಿನಿ ಎಂದು ಬರೆದು, ಶುರುವಾಗುವಾಗ ಜಲಪಾತದ ಫೋಟೋ ಮೂಡುವಂತೆ ಮಾಡಿದೆ. ಮೇಡಂ ಎರಡು ನಿಮಿಷ ನೋಡಿದರು.

"ಮಂದಿ ಮನಿಗೆ ಸುಣ್ಣಾ ಹಚ್ಚಿ ಗೃಹಪ್ರವೇಶ ಮಾಡಿದಂಗಾತು, ತಮ್ಮಾ," ಅಂದರು.

ಮೂರು ದಿನ ನಾನು ಲ್ಯಾಬಿನ ಕಡೆ ತಲೆ ಹಾಕಲಿಲ್ಲ. ನಾಲ್ಕನೆಯ ದಿನ ಹೋಗಿ, ಹಾಗಾದರೆ ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದೆ. ಅವರು ಚೌಕುಳಿ ಹಾಳೆಯ ಪುಸ್ತಕ ತೆಗೆದು ಅಡ್ಡಕ್ಕೆ ಹದಿನಾರು, ಉದ್ದಕ್ಕೆ ಮೂವತ್ತೆರಡು ಮನೆ ಎಣಿಸಿ ಗೆರೆ ಎಳೆದರು. ಐನೂರ ಹನ್ನೆರಡು ಮನೆ, ಒಂದೊಂದು ಮನೆ ಒಂದೊಂದು ಬೈಟು. ಕರೆಂಟು ಬಂದ ಕೂಡಲೇ ಯಂತ್ರ ಡಿಸ್ಕಿನ ಮೊದಲ ಐನೂರ ಹನ್ನೆರಡು ಬೈಟುಗಳನ್ನಷ್ಟೇ ಓದುತ್ತದೆ, ಆ ಹೊತ್ತಿಗೆ ಅದಕ್ಕೆ ಫೈಲೂ ಗೊತ್ತಿಲ್ಲ, ಫೋಲ್ಡರೂ ಗೊತ್ತಿಲ್ಲ, ಅಲ್ಲಿ ಏನು ಬರೆದಿದೆಯೋ ಅದನ್ನು ಮಾಡುತ್ತದೆ ಎಂದು ವಿವರಿಸಿದರು. ಕೊನೆಯ ಎರಡು ಮನೆಗಳಲ್ಲಿ 55, AA ಎಂದು ತಾವೇ ಬರೆದರು. ಆ ಗುರುತಿಲ್ಲದಿದ್ದರೆ ನಮ್ಮ ಲ್ಯಾಬಿನ ಹಳೆಯ ಯಂತ್ರಗಳು ತಿರುಗಿಯೂ ನೋಡುವುದಿಲ್ಲವಂತೆ. ಉಳಿದ ಐನೂರ ಹತ್ತರಲ್ಲಿ ಪರದೆಯ ಮೇಲೆ ಒಂದೇ ಒಂದು ಅಕ್ಷರ ಮೂಡಿಸು, ಜಲಪಾತ ಆಮೇಲೆ ನೋಡೋಣ ಅಂದರು.

ಪ್ರತಿ ಸೂಚನೆಯ ಅಂಕಿಯನ್ನೂ ಮೊದಲು ಪೆನ್ಸಿಲಿನಲ್ಲಿ ಮನೆಯೊಳಗೆ ಬರೆಯಬೇಕು, ಕೆಲಸ ಮಾಡಿದರೆ ಮಾತ್ರ ಶಾಯಿ. ಓಡಿಸಿ ನೋಡುವುದೂ ಎಮ್ಯುಲೇಟರಿನಲ್ಲಿ, ಅಂದರೆ ಕಂಪ್ಯೂಟರಿನೊಳಗಿನ ಹುಸಿ ಕಂಪ್ಯೂಟರಿನಲ್ಲಿ. ಅಲ್ಲಿ ಏನು ಕೆಟ್ಟರೂ ಮುಚ್ಚಿ ತೆರೆದರಾಯಿತು. ತಾವು ಎದುರಿಗಿಲ್ಲದಾಗ ನಿಜವಾದ ಯಂತ್ರಕ್ಕೆ ಏನನ್ನೂ ಬರೆಯಕೂಡದು ಎಂದು ಕಟ್ಟುನಿಟ್ಟು ಮಾಡಿದ್ದರು. ಮೊದಲ ಹತ್ತು ದಿನ ಅಕ್ಷರ ಮಿಂಚಿ ಮಾಯವಾಗಿ ಹುಸಿ ಯಂತ್ರ ಮತ್ತೆ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಕೆಲಸ ಮುಗಿದ ಮೇಲೆ ಇಲ್ಲೇ ನಿಲ್ಲು ಎಂದು ಹೇಳಲು ಮರೆತಿದ್ದೆ. ಅದು ಮುಂದಿನ ಖಾಲಿ ಜಾಗವನ್ನೂ ಸೂಚನೆಯೆಂದೇ ಓದುತ್ತ ಹೋಗಿ ಮುಗ್ಗರಿಸುತ್ತಿತ್ತು. ಹದಿನೇಳನೆಯ ದಿನ A ಮೂಡಿ ನಿಂತಿತು. ಮೇಡಂ ನೋಡಿ ಶಾಯಿ ಪೆನ್ನು ಕೊಟ್ಟರು. ಖುಷಿಗೆ ನನಗೆ ಅವತ್ತು ಊಟ ಸೇರಲಿಲ್ಲ.

ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಹುಸಿ ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ತೋರಿಸಬಹುದು ಎಂದು ಇಬ್ಬರು ಗೆಳೆಯರು ಕಾಲೆಳೆದರು. ಮೇಡಂ ಊಟಕ್ಕೆ ಹೋಗಿದ್ದರು. ಚಾಲೂ ಇದ್ದದ್ದು ಅವರ ಮೇಜಿನ ಯಂತ್ರ ಒಂದೇ. ಪೆನ್ ಡ್ರೈವ್ ಚುಚ್ಚಿದೆ. ಎಲ್ಲಿಗೆ ಬರೆಯಲಿ ಎಂಬ ಪಟ್ಟಿಯಲ್ಲಿ ಮೊದಲನೆಯದು ಹಾರ್ಡ್ ಡಿಸ್ಕ್, ಎರಡನೆಯದು ಪೆನ್ ಡ್ರೈವ್. ನಾನು ಗಡಿಬಿಡಿಯಲ್ಲಿ ಮೊದಲನೆಯದಕ್ಕೆ ಬರೆದೆ. ಯಂತ್ರ ಮತ್ತೆ ಶುರುವಾಗಿ ಕಪ್ಪು ಪರದೆಯಲ್ಲಿ A ಬಂತು. ಗೆಳೆಯರು ಚಪ್ಪಾಳೆ ತಟ್ಟಿದರು. ಪೆನ್ ಡ್ರೈವ್ ಕಿತ್ತು ಮತ್ತೊಮ್ಮೆ ಚಾಲೂ ಮಾಡಿದೆ. ಆಗಲೂ A ಬಂತು. ನಾನು ಬರೆದದ್ದು ಪೆನ್ ಡ್ರೈವಿಗಲ್ಲ, ಮೇಡಂ ಅವರ ಹಾರ್ಡ್ ಡಿಸ್ಕಿಗೆ.

ಆ ಯಂತ್ರದಲ್ಲಿದ್ದದ್ದು ಕೊನೆಯ ವರ್ಷದವರ ಆಂತರಿಕ ಅಂಕಗಳು. ಸಂಜೆ ನಾಲ್ಕರೊಳಗೆ ವಿಶ್ವವಿದ್ಯಾಲಯಕ್ಕೆ ಹೋಗಬೇಕಿತ್ತು. ಮೇಡಂ ಹತ್ತಿರ ಪ್ರತಿ ಇತ್ತು, ಆದರೆ ಹಿಂದಿನ ವಾರದ್ದು. ಅವರೂ, ಅಂಕ ಕೇಳಲು ಬಂದ ಪ್ರಾಂಶುಪಾಲರೂ ಹೆಚ್ಚುಕಡಿಮೆ ಒಟ್ಟಿಗೇ ಒಳಗೆ ಬಂದರು. ಮೇಡಂ ಪರದೆ ನೋಡಿದರು, ನನ್ನನ್ನು ನೋಡಿದರು. ಇದು ಯಾರ ಕೆಲಸ ಎಂದು ಪ್ರಾಂಶುಪಾಲರು ಕೇಳಿದರು. ಮೇಡಂ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ನನ್ನ ಪ್ರಾಜೆಕ್ಟಿನ ಅಂಕ ಹೋಗುತ್ತದೆ, ಕಾಲೇಜಿನಿಂದ ಹೊರಗೆ ಹಾಕುತ್ತಾರೆ ಎಂದು ಹೆದರಿಕೆ.

"ಲ್ಯಾಬ್ ನನ್ನ ತಾಬಾದಾಗ ಐತ್ರಿ ಸರ್," ಅಂದರು ಮೇಡಂ. "ತಪ್ಪು ನಂದ."

ಪ್ರಾಂಶುಪಾಲರು ಹೋದ ಮೇಲೆ ಅವರು ಬೈಯಲಿಲ್ಲ. ಡಿಸ್ಕ್ ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಅಂಕಗಳೆಲ್ಲ ಇದ್ದ ಹಾಗೇ ಇವೆ, ಯಾವ ಭಾಗ ಎಲ್ಲಿಂದ ಶುರು ಎಂದು ಮೊದಲ ತುಂಡಿನಲ್ಲಿ ಬರೆದಿದ್ದನ್ನಷ್ಟೇ ನೀನು ಅಳಿಸಿದ್ದೀಯ ಎಂದರು. ಆ ಜಾಗಗಳನ್ನು ಹುಡುಕಿ, ಅಂಕಿಗಳನ್ನು ಚೌಕುಳಿ ಹಾಳೆಯಲ್ಲಿ ಬರೆದು, ಒಂದೊಂದಾಗಿ ವಾಪಸು ತುಂಬಿದೆವು. ಮರುದಿನ ಮಧ್ಯಾಹ್ನ ಎಲ್ಲವೂ ಸಿಕ್ಕಿತು. ಆಪರೇಟಿಂಗ್ ಸಿಸ್ಟಂ ಅಂದರೇನು ಎಂದು ನಾನು ನಿಜವಾಗಿ ಕಲಿತದ್ದು ಆ ಎರಡು ದಿನಗಳಲ್ಲಿ. ಆದರೆ ಅಂಕ ಒಂದು ದಿನ ತಡವಾಯಿತು, ಕಾಲೇಜಿಗೆ ನೋಟಿಸು ಬಂತು. ಮೇ ತಿಂಗಳಲ್ಲಿ ಮೇಡಂಗೆ ಪತ್ರ ಬರಲಿಲ್ಲ. ನನ್ನ ಪ್ರಾಜೆಕ್ಟಿಗೆ ತರಗತಿಯಲ್ಲೇ ಹೆಚ್ಚು ಅಂಕ ಬಂತು.

ಈಗ ನಾನು ಶಿರಸಿಯಲ್ಲೇ ಒಂದು ಸೊಸೈಟಿಯ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಆ ಒಂದು ಅಕ್ಷರದಿಂದ ನಾನೇ ಬೆಳೆಸಿದ ಅಘನಾಶಿನಿ ಈಗ ಕೀಲಿಮಣೆ ಓದುತ್ತದೆ, ಸಣ್ಣ ಫೈಲು ಉಳಿಸುತ್ತದೆ. ಮೇಡಂ ಯಲ್ಲಾಪುರದಲ್ಲಿ ಯಾರದೋ ರಿಪೇರಿ ಅಂಗಡಿಯಲ್ಲಿದ್ದಾರೆಂದು ಗೊತ್ತಾಗಿ ಮೂರು ವರ್ಷ ಕಳೆದಿತ್ತು. ಹೋಗಲು ಮುಖವಿರಲಿಲ್ಲ. ಹೋದ ತಿಂಗಳು ಹೋದೆ. ಅರ್ಧ ಸಂಬಳಕ್ಕೆ ದುಡಿಯುತ್ತಿದ್ದರು. ಚಹಾ ತರಿಸಿದರು, ಫೈಲು ಹೇಗೆ ಉಳಿಸುತ್ತೀ ಎಂದು ವಿಚಾರಿಸಿದರು. ನಾನು ತಪ್ಪಾಯಿತು ಎಂದೆ. ಅವರು ಕೈಯಲ್ಲಿದ್ದ ಕೆಲಸ ನಿಲ್ಲಿಸಿದರು.

"ಅವತ್ತು ಸರ್ ಕೇಳಿದಾಗ ನಾ ಸ್ವಲ್ಪ ಹೊತ್ತು ಸುಮ್ನಿದ್ದೆ, ತಮ್ಮಾ. ನೀ ಹೇಳ್ತಿ ಅಂತ."

ಅಷ್ಟು ಹೇಳಿ ಮತ್ತೆ ಕೆಲಸಕ್ಕೆ ತೊಡಗಿದರು. ಪರವಾಗಿಲ್ಲ ಎನ್ನಲಿಲ್ಲ. ಅನ್ನಬೇಕೆಂದು ನಾನು ಬಯಸಿದ್ದೇ ನಾಚಿಕೆಗೇಡು.

ಸೋಮವಾರ ಕಾಲೇಜಿಗೆ ಹೋಗಿ ನಡೆದದ್ದನ್ನು ಬರೆದುಕೊಟ್ಟೆ. ಅದೇ ಪ್ರಾಂಶುಪಾಲರು ಇದ್ದರು. ಆ ಜಾಗಕ್ಕೆ ಕಾಯಂ ನೇಮಕವಾಗಿದೆ, ಇನ್ನು ಏನೂ ಮಾಡಲಾಗದು ಅಂದರು. ನನ್ನ ಪತ್ರವನ್ನು ಇನ್ನೊಮ್ಮೆ ಓದಿ ಕನ್ನಡಕ ತೆಗೆದರು.

"ನೀನು ಅವತ್ತೇ ಹೇಳಿದ್ರೆ ಎಂತ ಆಗ್ತಿತ್ತು ಮಾರಾಯಾ? ಹುಡುಗ ಮಾಡಿದ್ದು ಅಂತ ಎರಡು ಬೈದು ಬಿಡ್ತಿದ್ದೆ."