ಎರಡು ತೋಪು

ಫಿರಂಗಿಯ ಮೈಮೇಲೆ ಕೊರೆದ ಅರ್ಧಚಂದ್ರದ ಎಡತುದಿ ಸವೆದುಹೋಗಿತ್ತು. ದಿನವೂ ಸಂಜೆ ಅಪ್ಪನ ಹೆಬ್ಬೆರಳು ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಕಣ್ಣು ಮಂಜಾದ ಮೇಲೆ ಆ ಫಿರಂಗಿಯನ್ನು ಅವರು ಬೆರಳಿನಿಂದಲೇ ನೋಡುತ್ತಿದ್ದರು.

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ರಸ್ತೆಯ ಬದಿಯಲ್ಲಿ, ಹಳೆಯ ಮಾವಿನ ಮರಗಳ ಕೆಳಗೆ ಅದು ನಿಂತಿತ್ತು. ಊರಿನವರ ಬಾಯಲ್ಲಿ ಫಿರಂಗಿಯೂ ತೋಪು, ಮಾವಿನ ಮರಗಳೂ ತೋಪು. ಮೊದಲನೆಯ ಮಹಾಯುದ್ಧದಲ್ಲಿ ಅಪ್ಪ ಮೈಸೂರಿನ ಕುದುರೆ ಪಡೆಯಲ್ಲಿದ್ದರು. ಸಮುದ್ರದಾಚೆಯ ಮರಳುಗಾಡಿನಲ್ಲಿ ತುರ್ಕರು ಬಿಟ್ಟೋಡಿದ ಈ ಹಗುರ ಫಿರಂಗಿಯನ್ನು ಎಳೆದು ತಂದವರಲ್ಲಿ ಅವರೂ ಒಬ್ಬರು. ತುರ್ಕರಿಗೂ ಅದು ಸ್ವಂತದ್ದಲ್ಲ, ಜರ್ಮನಿಯಲ್ಲಿ ಮಾಡಿದ್ದು. ಆಮೇಲೆ ನಮ್ಮ ಕಡೆಯ ಗುಂಡು ಹಿಡಿಯುವಂತೆ ನಳಿಗೆಯನ್ನು ಮತ್ತೆ ಕೊರೆಸಿದರು. ಮೈಸೂರಿಗೆ ಬಂದ ಮೇಲೆ ಬರಿಯ ಮದ್ದು ಸಿಡಿಸುವ ಕುಶಾಲತೋಪಾಯಿತು. ಕೊನೆಗೆ ಬಾಯಿಗೆ ಸೀಸ ಹೊಯ್ದು ಇಲ್ಲಿ ತಂದು ನಿಲ್ಲಿಸಿದರು. ಕೈ ಬದಲಾದಾಗಲೆಲ್ಲ ಅದರ ಮೈಮೇಲೆ ಒಂದು ಗುರುತು ಬಿದ್ದಿತ್ತು. ಮೈಸೂರಿನಲ್ಲಿ ಇತಿಹಾಸ ಓದಿ ಬಂದ ನಾನು ಅವನ್ನೆಲ್ಲ ಓದಿ ಹೇಳುತ್ತಿದ್ದೆ. ಅಪ್ಪನಿಗೆ ಬೇಕಾಗಿದ್ದುದು ತುರ್ಕರ ಚಂದ್ರವೊಂದೇ.

"ಅವತ್ತು ಕತ್ಲಲ್ಲಿ ಕೈಗೆ ಮೊದ್ಲು ಸಿಕ್ಕಿದ್ದೇ ಇದು ಕಣಮ್ಮಿ."

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಫಿರಂಗಿಯನ್ನು ಕರಗಿಸಲು ಒಯ್ಯುತ್ತಾರೆಂದು ತಾಲ್ಲೂಕು ಕಚೇರಿಯ ಜವಾನ ಬಂದು ಹೇಳಿಹೋದ. ಉಣ್ಣುತ್ತಿದ್ದ ಅಪ್ಪ ತಟ್ಟೆಯ ಮುಂದಿನಿಂದ ಎದ್ದುಬಿಟ್ಟರು. ನಾನು ಕಚೇರಿಗೆ ಹೋಗಿ ಕೇಳಿಕೊಂಡೆ. ಮೇಲಿನಿಂದ ಬಂದ ಹುಕುಂ, ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು ಅಲ್ಲಿನ ಸಾಹೇಬರು.

ಮುಂದಿನ ವಾರ ಒಂದು ಮಧ್ಯಾಹ್ನ ಕೊಡಲಿಯ ಸದ್ದು ಕೇಳಿ ಓಡಿದೆ. ಹರವೆ ಕಡೆಯ ಆಳುಗಳು ಮಾವಿನ ಮರಗಳನ್ನು ಕಡಿಯುತ್ತಿದ್ದರು.

"ಯಾರು ಹೇಳಿದ್ದು ನಿಮಗೆ?"

"ಸಾಯೇಬ್ರು ಕಣವ್ವ. ರೋಡ್ ಪಕ್ಕದ್ ತೋಪು ತೆಗೆಸ್ಬುಡು ಅಂದ್ರು," ಎಂದ ಮೇಸ್ತ್ರಿ.

"ಅವರು ತೋಪು ಅಂದದ್ದು ಫಿರಂಗಿಗೆ."

ಮರದ ಮೇಲಿದ್ದವನು ನಕ್ಕ. "ಅಂಗಾದ್ರೆ ಈ ಕಾಯೆಲ್ಲ ಗುಂಡು ಕಣ್ಲಾ! ತಲೆ ಉಸಾರು!"

"ಸುಮ್ಕಿರ್ಲಾ," ಎಂದು ಮೇಸ್ತ್ರಿ ಗದರಿಸಿದ. ಅವನಿಗೂ ನಗು ತಡೆಯಲಾಗಲಿಲ್ಲ. "ಫಿರಂಗಿ ತೆಗೆಯಕ್ಕೆ ಕೊಡ್ಲಿ ಇಡ್ಕಂಡ್ ಬತ್ತಾರೇನವ್ವಾ?"

ನಾನು ಹೇಳಿದ್ದು ನಿಜವೆಂದು ತೋರಿಸಿಕೊಟ್ಟರೆ ಅವರು ಫಿರಂಗಿಗೆ ಕೈಹಾಕುತ್ತಾರೆ. ತೋರಿಸದಿದ್ದರೆ ಮರ ಉಳಿಯುವುದಿಲ್ಲ. ಆದರೂ ಮತ್ತೊಮ್ಮೆ ಹೇಳಿದೆ. ಕೊಡಲಿ ನಿಲ್ಲಲಿಲ್ಲ.

ಸಂಜೆಯ ಹೊತ್ತಿಗೆ ಸಾಹೇಬರು ಜೀಪಿನಲ್ಲಿ ಬಂದು, ಬಿದ್ದ ಮರಗಳನ್ನು ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡರು. ಮೇಸ್ತ್ರಿಯನ್ನು ಬೈದರು. ಹೊರಡುವಾಗ ನನ್ನ ಮುಖ ನೋಡದೆ, "ಫಿರಂಗಿಗೆ ನಾಳೆ ಗಾಡಿ ಬರುತ್ತಮ್ಮ," ಎಂದರು.

ಎಂದಿನಂತೆ ಅಪ್ಪ ಕೋಲೂರಿಕೊಂಡು ಬಂದರು. ಫಿರಂಗಿಯ ಮೇಲೆ ಕೈಯಿಟ್ಟವರು ತಟ್ಟನೆ ಹಿಂದೆಗೆದುಕೊಂಡರು.

"ಯಾಕಮ್ಮಿ ಇಸ್ಟು ಕಾದದೆ?"

ಹೇಳಿದೆ. ಮರಗಳ ವಿಷಯವನ್ನೂ, ಗಾಡಿಯ ವಿಷಯವನ್ನೂ. ಅವರು ಅಲ್ಲೇ ಒಂದು ಬೊಡ್ಡೆಯ ಮೇಲೆ ಕೂತರು. ಕಬ್ಬಿಣ ಆರುವವರೆಗೂ ಕಾದು ಚಂದ್ರವನ್ನು ಒಮ್ಮೆ ಸವರಿದರು.

"ನಾಳೀಕೆ ನಾನು ಬರಾಕಿಲ್ಲ ಕಣಮ್ಮಿ."

ಮರುದಿನ ಬೆಳಿಗ್ಗೆ ಅವರು ಏಳುವ ಮೊದಲೇ ಹುತ್ತದ ಮಣ್ಣನ್ನು ನಾದಿ, ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಅಲ್ಲಿಗೆ ಹೋದೆ. ಚಂದ್ರದ ಮೇಲೆ ಒತ್ತಿ ಮೆಲ್ಲಗೆ ಬಿಡಿಸಿದೆ. ಗುರುತು ಮೂಡಿತ್ತು, ಆದರೆ ತಿರುವುಮುರುವಾಗಿ. ಸವೆದ ತುದಿ ಬಲಗಡೆಗೆ ಬಂದಿತ್ತು. ಅಳಿಸಿ ಮತ್ತೆ ಒತ್ತಿದೆ. ಹಾಗೆಯೇ ಬಂತು. ರಸ್ತೆಯಲ್ಲಿ ಎತ್ತುಗಳ ಗಂಟೆ ಕೇಳಿಸಿತು. ಅದನ್ನೇ ಬಟ್ಟೆಯಲ್ಲಿ ಸುತ್ತಿ, ಮನೆಗೆ ತಂದು, ಅಪ್ಪನ ಕೈಗಿಟ್ಟೆ.