ನೀರು ತುಂಬದ ಟ್ಯಾಂಕು

ಹೊಸನಗರದ ಬಸ್‌ಸ್ಟ್ಯಾಂಡಿನ ಪಕ್ಕ ಯಾರೋ ಗ್ರಿಲ್ ಬೆಸೆಯುತ್ತಿದ್ದರು. ವೆಲ್ಡಿಂಗ್ ಕಡ್ಡಿ ಉರಿಯುವ ಆ ಕಮಟು ಹೊಗೆ ಬಡಿದದ್ದೇ ತಡ, ಮೂಗು ಮುಚ್ಚಿಕೊಳ್ಳುವುದು ಬಿಟ್ಟು ಪೆದ್ದಿಯ ಹಾಗೆ ಅಲ್ಲೇ ನಿಂತು ಉಸಿರೆಳೆದುಕೊಂಡೆ. ಹಾಳಾದ್ದು, ಅದು ನನ್ನ ತವರಿನ ವಾಸನೆ. ತೀರ್ಥಹಳ್ಳಿಯ ಆಗುಂಬೆ ರಸ್ತೆಯಲ್ಲಿ ಅಪ್ಪಯ್ಯನ ವೆಲ್ಡಿಂಗ್ ಶಾಪು, ಅದರ ಬೆನ್ನಿಗೇ ನಮ್ಮ ಮನೆ. ಅಮ್ಮನ ಸೆರಗು, ಅಜ್ಜಿಯ ಕಂಬಳಿ, ನನ್ನ ಶಾಲೆಯ ಚೀಲ, ಎಲ್ಲಕ್ಕೂ ಇದೇ ವಾಸನೆ. ಈಗ ಆ ಮನೆಯೂ ಇಲ್ಲ, ಆ ಜನರೂ ಇಲ್ಲ. ನೀವೂ ಇಂಥದ್ದೊಂದು ಮನೆ ಕಳೆದುಕೊಂಡವರಾದರೆ ನನ್ನ ಸಂಕಟ ನಿಮಗೆ ಗೊತ್ತಾಗುತ್ತದೆ.

ಗಲಾಟೆಯ ಮನೆ ಅದು. ಅಪ್ಪಯ್ಯನಿಗೆ ಸಿಟ್ಟು ಬಂದರೆ ಬಾಯಿಗಿಂತ ಮೊದಲು ಕೈ ಮುಂದೆ ಬರುತ್ತಿತ್ತು. ಹೆಚ್ಚಿನ ಪೆಟ್ಟೆಲ್ಲ ಬೀಳುತ್ತಿದ್ದದ್ದು ಅವನ ತಮ್ಮ, ನನ್ನ ಗಣಪಚಿಕ್ಕಪ್ಪನಿಗೆ. ಕೆಲಸ ಕಲಿಯಲು ಸೇರಿ ವರ್ಷ ಕಳೆದರೂ ಬೆಸುಗೆಯ ಮೇಲಿನ ಕಿಟ್ಟ ಕುಟ್ಟುವುದು, ತುಕ್ಕು ಉಜ್ಜುವುದು, ಇಷ್ಟೇ ಅವನ ಪಾಲಿಗೆ. ಅವನಿಗೋ ನಾಳೆಯೇ ಮೇಸ್ತ್ರಿಯಾಗಬೇಕು. ಅನ್ನ ಕಲಸುತ್ತಲೂ ಮೊಬೈಲಿನಲ್ಲಿ ವೆಲ್ಡಿಂಗ್ ವಿಡಿಯೋ ನೋಡುವವನು. "ಇದ್ರಲ್ಲಿ ಐದ್ ನಿಮಿಷಕ್ಕೆ ಮುಗಿಸ್ತಾರೆ ಅಣ್ಣಯ್ಯ. ನೀನು ಇನ್ನೂ ನನ್ ಕೈಲಿ ಕಿಟ್ಟ ಕುಟ್ಟಿಸ್ತಿದೀಯ" ಅಂದ ಒಂದು ದಿನ. ಅಪ್ಪಯ್ಯ ಆ ಮೊಬೈಲು ಕಿತ್ತುಕೊಂಡು ಸುತ್ತಿಗೆಯಿಂದ ಜಜ್ಜಿ ಪುಡಿ ಮಾಡಿದ. ಚಿಕ್ಕಪ್ಪ ಅವನ ಕುತ್ತಿಗೆಗೇ ಕೈ ಹಾಕಿದ. ಬಿಡಿಸಲು ನಡುವೆ ನುಗ್ಗಿದ ಅಮ್ಮನ ಬಳೆಗಳು ಒಡೆದು ಕೈಯೆಲ್ಲ ರಕ್ತ. ರಾತ್ರಿ ಮೂವರೂ ಒಂದೇ ಸಾಲಲ್ಲಿ ಕೂತು ಕಡುಬು ತಿಂದರು. ಅಷ್ಟು ಪ್ರೀತಿ ನನಗೆ ಮತ್ತೆಲ್ಲೂ ಸಿಗಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅಪ್ಪಯ್ಯ ತಲೆ ಹೋದರೂ ಬಿಡುತ್ತಿರಲಿಲ್ಲ. ಜೀಪಿನ ಪೆಟ್ರೋಲ್ ಟ್ಯಾಂಕು ತೂತಾಗಿ ಬಂದರೆ ಖಾಲಿಯಿರುವಾಗ ಅದಕ್ಕೆ ಕಿಡಿ ತಾಗಿಸುವಂತಿಲ್ಲ. ರಾತ್ರಿಯಿಡೀ ನೀರು ತುಂಬಿಸಿಡಬೇಕು, ಬೆಸೆಯುವಾಗಲೂ ಒಳಗೆ ನೀರಿರಬೇಕು, ಉಳಿದ ಪೆಟ್ರೋಲಿನ ಆವಿಗೆ ಜಾಗವೇ ಇರಬಾರದು. ಆ ದಿನ ಅಪ್ಪಯ್ಯ ಸಾಗರಕ್ಕೆ ಗೇಟು ಕೂರಿಸಲು ಹೋಗಿದ್ದ. ಮಾಸ್ತಿಕಟ್ಟೆ ಕಡೆಯ ಜೀಪಿನ ಟ್ಯಾಂಕೊಂದು ಬಂತು. ಚಿಕ್ಕಪ್ಪ ಅದನ್ನು ಸೋಪು ಹಾಕಿ ತೊಳೆದ, ಬೇಗ ಒಣಗಲೆಂದು ಬಿಸಿಲಿಗಿಟ್ಟ, ಮೂಸಿ ನೋಡಿ ನಕ್ಕ.

"ಎಂತ ವಾಸ್ನೆನೂ ಇಲ್ಲ ಅತ್ಗೆ. ಅಣ್ಣಯ್ಯ ಬರೋದ್ರೊಳಗೆ ಮುಗ್ಸಿಡ್ತೀನಿ. ಅವನ ಬಾಯಲ್ಲೇ ಮೇಸ್ತ್ರಿ ಅನ್ನಿಸ್ತೀನಿ ನೋಡು."

"ಬ್ಯಾಡ ಮಾರಾಯ, ಅವ್ರು ಬರ್ಲಿ" ಎಂದು ಅಮ್ಮ ಗೋಗರೆದಳು. ಅವನು ಆಗಲೇ ಶಾಪಿನೊಳಗೆ ಹೋಗಿಯಾಗಿತ್ತು.

ಸಿಡಿದ ಸದ್ದಿಗೆ ಮಾಡಿನ ಹಂಚುಗಳು ನಮ್ಮ ಮೇಲೇ ಉದುರಿದವು. ಟ್ಯಾಂಕಿನ ತಗಡು ಕಿತ್ತು ಬಂದು ಚಿಕ್ಕಪ್ಪನ ಎದೆ ಸೀಳಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಹೆಣ ಮನೆಗೆ ಬಂದಾಗ ಅಪ್ಪಯ್ಯ ಅಳಲಿಲ್ಲ. ಹೊದೆಸಿದ ಪಂಚೆ ಎಳೆದು ತಮ್ಮನ ಕೆನ್ನೆಗೆ ಬಾರಿಸಿದ. "ಹೇಳಿರ್ಲಿಲ್ವನಾ ನಿಂಗೆ? ನೀರು ತುಂಬ್ಸು ಅಂತ ಹೇಳಿರ್ಲಿಲ್ವಾ?" ಮತ್ತೆ ಬಾರಿಸಿದ, ಮತ್ತೆ. ನೆರೆದವರಿಗೆ ಹತ್ತಿರ ಹೋಗಲು ಧೈರ್ಯವಿಲ್ಲ. ಇಬ್ಬರನ್ನೂ ಹೆತ್ತ ಅಜ್ಜಿಯೇ ಎದ್ದು ಬಂದು ಅವನ ಕೈ ಹಿಡಿದಳು.

"ಸಾಕು ಬಿಡಾ. ಇನ್ನು ಅವ್ನಿಗೆ ಕಲಿಯೋದು ಎಂತದೂ ಇಲ್ಲ."

ಆಮೇಲೆ ಆ ಮನೆಯಲ್ಲಿ ಯಾರೂ ಯಾರ ಮೇಲೂ ಕೈ ಎತ್ತಲಿಲ್ಲ, ದನಿಯನ್ನೂ ಎತ್ತಲಿಲ್ಲ. ಯಾರಾದರೂ ಒಮ್ಮೆ ಕೂಗಾಡಬಾರದೇ ಎಂದು ನಾನು ಗೋಡೆಗೊರಗಿ ಕಾಯುತ್ತಿದ್ದೆ.